ಬಿಸಿಲಿನ ಬೆಳೆಯೂ ಅದರ ಪಾಲುಗಾರರೂ

ತುಮಕೂರು ಜಿಲ್ಲೆಯ ಈಶಾನ್ಯದ ಅಂಚಿನಲ್ಲಿ, ಬಹುತೇಕ ಎಲ್ಲ ಕಡೆಗಳಿಂದಲೂ ಆಂಧ್ರಪ್ರದೇಶದ ನೆಲ ಸುತ್ತುವರಿದಿರುವ ಪಾವಗಡ ತಾಲ್ಲೂಕು ಮಳೆಯ ವಿಷಯದಲ್ಲಿ ನತದೃಷ್ಟವಾದುದೆಂಬುದು ಸರ್ವವಿದಿತವಾದ ಸಂಗತಿ. ಪಶ್ಚಿಮ ಘಟ್ಟಗಳು ಮುಂಗಾರಿನ ಮೋಡಗಳನ್ನು ತಡೆದು ತಮ್ಮ ಮಗ್ಗುಲಲ್ಲಿಯೇ ಸುರಿಸಿಕೊಂಡ ಬಳಿಕ ಮಿಕ್ಕುದೆಷ್ಟೋ ಅಷ್ಟು ಮಾತ್ರ ಈ ಸೀಮೆಯ ಪಾಲು. ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ಹದವರಿತು ಬರುವುದು ಅಪರೂಪ. ಉತ್ತರ ಪಿನಾಕಿನಿಯು ನಾಗಲಮಡಿಕೆಯ ಬಳಿ ಹಾದುಹೋಗುವುದಾದರೂ ವರ್ಷದ ಬಹುಭಾಗ ಅದು ಮರಳಿನ ಹಾದಿಯೇ ಹೊರತು ನೀರಿನ ಹಾದಿಯಲ್ಲ. ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡಿನ ಅಂಶ ಅಧಿಕವಾಗಿದ್ದು, ಹಲ್ಲು ಮೂಳೆಗಳನ್ನು ಕೆಡಿಸುವ ವ್ಯಾಧಿ ಹಲವು ಹಳ್ಳಿಗಳನ್ನು ಬಾಧಿಸಿದೆ. ಇಲ್ಲಿನ ರೈತರು ತಲೆಮಾರುಗಳಿಂದ ನಂಬಿದ್ದು ಕಡಲೆಕಾಯಿಯನ್ನು. ಅದು ಕೈಕೊಟ್ಟ ವರ್ಷ ಬೆಂಗಳೂರಿಗೋ ಇನ್ನೆಲ್ಲಿಗೋ ಗುಳೆ ಹೋಗುವುದು ವಾಡಿಕೆ. ಇಂಥ ಬರದ ಸೀಮೆಗಳಿಂದ ಹೊರಟ ಎಷ್ಟೋ ಮಕ್ಕಳು ಮಠಗಳ ಪ್ರಸಾದನಿಲಯಗಳಲ್ಲಿ ಉಂಡು, ಓದಿ, ಮುಂದೆ ಬಂದರೆಂಬುದನ್ನು ಈ ಪುಟಗಳ ವಾಚಕರಿಗೆ ಹೊಸದಾಗಿ ಹೇಳಬೇಕಾದುದಿಲ್ಲ.

ಈ ತಾಲ್ಲೂಕಿನ ನಾಗಲಮಡಿಕೆ ಹೋಬಳಿಯಲ್ಲಿ ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಗ್ರಾಮಗಳಿವೆ. ಹೆಸರುಗಳನ್ನು ಕೊಂಚ ಗಮನಿಸಬೇಕು. 'ಸಮುದ್ರ'ವೆಂದು ಕೊನೆಗೊಳ್ಳುವ ಊರುಗಳು ಕನ್ನಡನಾಡಿನಲ್ಲಿ ಕಡಲಿನ ಸಮೀಪದವಲ್ಲ. ಹಿರಿದಾದ ಕೆರೆಯನ್ನು ಸಮುದ್ರವೆಂದು ಕರೆಯುವ ರೂಢಿ ಶಾಸನಗಳ ಕಾಲದಿಂದ ಬಂದದ್ದು. 'ಚೆರ್ಲು' ಎಂಬುದರಲ್ಲಿ ತೆಲುಗಿನ 'ಚೆರುವು', ಅಂದರೆ ಕೆರೆ, ಎಂಬ ಶಬ್ದದ ಛಾಯೆ ಕಾಣುತ್ತದೆ. ನೀರಿನ ಹೆಸರನ್ನು ಹೊತ್ತ ಈ ಊರುಗಳ ಸುತ್ತಣ ಹೊಲಗಳಲ್ಲಿ ಇಂದು ಬೆಳೆಯುತ್ತಿರುವುದು ಬಿಸಿಲು. ಸುಮಾರು 13,000 ಎಕರೆ ನೆಲದ ಮೇಲೆ ಕಪ್ಪು ನೀಲಿ ಬಣ್ಣದ ಗಾಜಿನ ಫಲಕಗಳು ಸಾಲುಸಾಲಾಗಿ ಹರಡಿಕೊಂಡಿದ್ದು, ದೂರದ ಗುಡ್ಡದ ಮೇಲಿನಿಂದ ನೋಡುವವರಿಗೆ ಕೆರೆಯೇ ತುಂಬಿ ನಿಂತಂತೆ ತೋರುತ್ತದೆ. ಮರೀಚಿಕೆಯೆಂಬ ಕವಿಸಮಯವು ಇಲ್ಲಿ ನೆಲದ ಮೇಲೆಯೇ ನೆಲೆಸಿದೆಯೆಂದರೂ ಸಲ್ಲುವುದು.

ಈ ಸೌರ ಕ್ಷೇತ್ರದ ಇತಿಹಾಸ ದೀರ್ಘವಾದುದಲ್ಲ. ಕರ್ನಾಟಕದಲ್ಲಿ ಮೆಗಾವ್ಯಾಟ್ ಪ್ರಮಾಣದ ಸೌರ ವಿದ್ಯುತ್ ಸ್ಥಾವರದ ಮೊದಲ ಪ್ರಯೋಗ 2010ರ ಸುಮಾರಿಗೆ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ನಡೆಯಿತು. ಅದರ ಸಾಮರ್ಥ್ಯ ಕೇವಲ 3 ಮೆಗಾವ್ಯಾಟ್. ಐದೇ ವರ್ಷಗಳ ತರುವಾಯ, 2015ರ ಮಾರ್ಚಿಯಲ್ಲಿ, ರಾಜ್ಯ ಮತ್ತು ಕೇಂದ್ರಗಳ ಎರಡು ಸಂಸ್ಥೆಗಳು ಕೂಡಿ ಕರ್ನಾಟಕ ಸೌರ ವಿದ್ಯುತ್ ಅಭಿವೃದ್ಧಿ ನಿಗಮವನ್ನು ಸ್ಥಾಪಿಸಿದವು. 2018ರ ಮಾರ್ಚಿ 1ರಂದು ಪಾವಗಡದ ಕ್ಷೇತ್ರದ ಮೊದಲ ಹಂತದ ಉದ್ಘಾಟನೆಯಾಯಿತು. 2019ರ ಡಿಸೆಂಬರಿನ ಹೊತ್ತಿಗೆ ಸಂಕಲ್ಪಿಸಿದ್ದ 2,050 ಮೆಗಾವ್ಯಾಟ್ ಪೂರ್ಣವಾಗಿ, ಅಂದಿಗೆ ಅದು ಜಗತ್ತಿನ ಅತಿ ದೊಡ್ಡ ಸೌರ ಕ್ಷೇತ್ರಗಳಲ್ಲಿ ಒಂದೆನಿಸಿತು. ಇದಕ್ಕೆ ಇಟ್ಟ ಹೆಸರು 'ಶಕ್ತಿ ಸ್ಥಳ'. ಹೆಸರಿಟ್ಟವರು ಬಹುಶಃ ಜಾಗವೆಂಬ ಅರ್ಥವನ್ನು ಮಾತ್ರ ಮನಸ್ಸಿನಲ್ಲಿಟ್ಟುಕೊಂಡಿದ್ದರು. ಷಟ್‌ಸ್ಥಲ ಸಿದ್ಧಾಂತವನ್ನು ಓದಿದವರಿಗಾದರೋ ಸ್ಥಲವೆಂದರೆ ಭೂಮಿಯ ತುಂಡಲ್ಲ, ಏರಬೇಕಾದ ಮೆಟ್ಟಿಲು.

ಇಷ್ಟು ವಿಸ್ತಾರವಾದುದನ್ನು ಒಮ್ಮೆಗೇ ಗ್ರಹಿಸುವುದು ಕಷ್ಟ. ಆದರೆ ಈ ಕ್ಷೇತ್ರವು ಅಖಂಡವಾದ ಒಂದೇ ಕಾರ್ಖಾನೆಯಲ್ಲ. ಬಹುಮಟ್ಟಿಗೆ 50 ಮೆಗಾವ್ಯಾಟಿನ ತುಂಡುಗಳಾಗಿ ವಿಂಗಡಿಸಿ ಬೇರೆ ಬೇರೆ ಕಂಪನಿಗಳಿಗೆ ವಹಿಸಿಕೊಟ್ಟ ಮಧ್ಯಮ ಗಾತ್ರದ ಸ್ಥಾವರಗಳ ಸಮೂಹ. ಅನ್ನ ಬೆಂದಿದೆಯೋ ಇಲ್ಲವೋ ಎಂಬುದನ್ನು ಒಂದು ಅಗುಳನ್ನು ಹಿಸುಕಿ ತಿಳಿಯುವಂತೆ, ಇಂಥ ಒಂದು 50 ಮೆಗಾವ್ಯಾಟಿನ ಸ್ಥಾವರವನ್ನು ತೆಗೆದುಕೊಂಡು ವಿಚಾರಿಸಿದರೆ ಇಡಿಯ ಕ್ಷೇತ್ರದ ಗುಣಾವಗುಣಗಳು ತಿಳಿದುಬರುತ್ತವೆ.

ಮೊದಲಿಗೆ ಬಿಸಿಲು ವಿದ್ಯುತ್ತಾಗುವ ಬಗೆ. ಬೆಳಕು ಬಿದ್ದಾಗ ಕೆಲವು ಪದಾರ್ಥಗಳಲ್ಲಿ ವಿದ್ಯುತ್ ಹುಟ್ಟುವುದೆಂಬುದನ್ನು 1839ರಲ್ಲಿ ಕಂಡುಕೊಂಡವನು ಫ್ರಾನ್ಸಿನ ಎಡ್ಮಂಡ್ ಬೆಕೆರೆಲ್. ಬೆಳಕು ಕಣಕಣವಾಗಿ ಬಂದು ಇಲೆಕ್ಟ್ರಾನುಗಳನ್ನು ಕಿತ್ತೆಬ್ಬಿಸುವ ರೀತಿಯನ್ನು 1905ರಲ್ಲಿ ಐನ್‌ಸ್ಟೈನ್ ವಿವರಿಸಿದ. 1921ರ ನೊಬೆಲ್ ಪಾರಿತೋಷಕ ಅವನಿಗೆ ಸಂದದ್ದು ಸಾಪೇಕ್ಷತಾ ಸಿದ್ಧಾಂತಕ್ಕಲ್ಲ, ವಿಶೇಷವಾಗಿ ಈ ವಿವರಣೆಗೆ. 1954ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ಸಿಲಿಕಾನಿನಿಂದ ಸೌರಕೋಶವನ್ನು ನಿರ್ಮಿಸಿದಾಗ ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಇಂದಿನ ಒಳ್ಳೆಯ ಫಲಕಗಳಲ್ಲಿ ಇಪ್ಪತ್ತು ಪಾಲಿಗೂ ಮೀರುತ್ತದೆ. ಸಿಲಿಕಾನ್ ಎಂಬುದು ಮರಳಿನಲ್ಲಿ ಅಡಗಿರುವ ಮೂಲವಸ್ತು. ಅದರ ತೆಳುವಾದ ಬಿಲ್ಲೆಯ ಒಂದು ಮಗ್ಗುಲಿಗೆ ರಂಜಕದಂಥ, ಇನ್ನೊಂದು ಮಗ್ಗುಲಿಗೆ ಬೋರಾನಿನಂಥ ಬೇರೆ ವಸ್ತುವನ್ನು ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿದಾಗ, ಎರಡೂ ಸೇರುವ ಗಡಿಯಲ್ಲಿ ಒಂದು ಇಳಿಜಾರು ಏರ್ಪಡುತ್ತದೆ. ಬೆಳಕು ಕಿತ್ತೆಬ್ಬಿಸಿದ ಇಲೆಕ್ಟ್ರಾನುಗಳು ಆ ಇಳಿಜಾರಿನಲ್ಲಿ ಒಂದೇ ದಿಕ್ಕಿಗೆ ಹರಿಯತೊಡಗುವುವು. ಇಲ್ಲಿ ಉರಿಯಿಲ್ಲ, ಉಗಿಯಿಲ್ಲ, ತಿರುಗುವ ಚಕ್ರವಿಲ್ಲ. ಜೋಗದಲ್ಲಿ ನೀರು ಬಿದ್ದು ಚಕ್ರ ತಿರುಗಬೇಕು, ರಾಯಚೂರಿನಲ್ಲಿ ಕಲ್ಲಿದ್ದಲು ಉರಿದು ಉಗಿ ಏಳಬೇಕು. ಪಾವಗಡದಲ್ಲಿ ಫಲಕವು ಸುಮ್ಮನೆ ಬಿಸಿಲಿಗೆ ಮೈಯೊಡ್ಡಿದರೆ ಸಾಕು.

ಈ ಪ್ರಸಂಗದಲ್ಲಿ ಒಂದು ಭ್ರಮೆಯನ್ನು ನಿವಾರಿಸುವುದು ಅಧ್ಯಾಪಕರಿಗೆ ಉಪಯುಕ್ತವಾದೀತು. ಸೆಕೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚುವುದೆಂದು ವಿದ್ಯಾರ್ಥಿಗಳು ಮಾತ್ರವಲ್ಲ, ತಿಳಿದವರೂ ಭಾವಿಸುವುದುಂಟು. ನಿಜವು ಇದಕ್ಕೆ ವಿರುದ್ಧ. ಫಲಕಕ್ಕೆ ಬೇಕಾದುದು ಬೆಳಕು. ಕಾವು ಅದಕ್ಕೆ ವೈರಿ. 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಏರುವ ಪ್ರತಿ ಡಿಗ್ರಿಗೂ ಉತ್ಪಾದನೆ ನೂರಕ್ಕೆ ಸುಮಾರು 0.4ರಷ್ಟು ಕುಗ್ಗುತ್ತದೆ. ಬೇಸಗೆಯ ನಡುಹಗಲಿನಲ್ಲಿ ಫಲಕದ ಮೈ 60 ಡಿಗ್ರಿ ಮುಟ್ಟಿದರೆ ಏಳರಲ್ಲಿ ಒಂದು ಪಾಲಿನಷ್ಟು ನಷ್ಟವಾಯಿತೆಂದೇ ಲೆಕ್ಕ. ಕನ್ನಡದ 'ಬಿಸಿಲು' ಎಂಬ ಮಾತು ಬಿಸಿಯನ್ನೂ ಬೆಳಕನ್ನೂ ಒಂದೇ ಹೊಟ್ಟೆಯಲ್ಲಿಟ್ಟುಕೊಂಡಿದೆ. ಸಂಸ್ಕೃತವು ಆತಪವೆಂದೂ ಪ್ರಕಾಶವೆಂದೂ ಎರಡಾಗಿ ಒಡೆದು ಹೇಳುತ್ತದೆ. ಸಿಲಿಕಾನಿನ ಬಿಲ್ಲೆಯು ಆ ವಿಷಯದಲ್ಲಿ ಸಂಸ್ಕೃತದ ಪಕ್ಷದ್ದು. ಸಮುದ್ರಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿರುವ ಪಾವಗಡವು ಈ ಕಾರಣದಿಂದ ಅನುಕೂಲವಾದ ಎಡೆ. ಮೋಡ ಕಡಮೆ, ಮರುಭೂಮಿಯ ಉರಿಯೂ ಇಲ್ಲ. ಚದರ ಮೀಟರಿಗೆ ದಿನವೊಂದಕ್ಕೆ 5ರಿಂದ 6 ಯೂನಿಟ್ಟಿನಷ್ಟು ಸೌರಶಕ್ತಿ ಇಲ್ಲಿನ ನೆಲಕ್ಕೆ ಇಳಿಯುತ್ತದೆ.

ಫಲಕಗಳು ದಕ್ಷಿಣಾಭಿಮುಖವಾಗಿ ಕೊಂಚ ಓರೆಯಾಗಿ ನಿಂತಿರುವುವು. ಊರು ಭೂಮಧ್ಯರೇಖೆಯ ಉತ್ತರಕ್ಕೆ ಸುಮಾರು 14 ಡಿಗ್ರಿಯಲ್ಲಿರುವುದೇ ಇದಕ್ಕೆ ಕಾರಣ. ಕೆಲವೆಡೆ ಸೂರ್ಯನನ್ನು ಅನುಸರಿಸಿ ಬೆಳಗಿನಿಂದ ಸಂಜೆಯವರೆಗೆ ಮೆಲ್ಲನೆ ಹೊರಳುವ ಏರ್ಪಾಡೂ ಉಂಟು. ಒಂದು ಫಲಕ 320 ವ್ಯಾಟಿನದೆಂದು ಹಿಡಿದರೆ 50 ಮೆಗಾವ್ಯಾಟಿಗೆ ಒಂದೂವರೆ ಲಕ್ಷಕ್ಕೂ ಮಿಕ್ಕಿದ ಫಲಕಗಳು ಬೇಕು. ಅವುಗಳಿಂದ ಹೊರಡುವ ಏಕಮುಖ ವಿದ್ಯುತ್ತನ್ನು ಇನ್ವರ್ಟರುಗಳು ಪರ್ಯಾಯ ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಟ್ರಾನ್ಸ್‌ಫಾರ್ಮರುಗಳು ಅದರ ಒತ್ತಡವನ್ನು ಹಂತಹಂತವಾಗಿ ಏರಿಸಿ ರಾಜ್ಯದ ಹಿರಿಯ ತಂತಿಗಳಿಗೆ ಸೇರಿಸುತ್ತವೆ. ಅಲ್ಲಿಂದಾಚೆಗೆ ಪಾವಗಡದ ವಿದ್ಯುತ್ತೂ ಶರಾವತಿಯ ವಿದ್ಯುತ್ತೂ ಒಂದರೊಡನೊಂದು ಬೆರೆತು ಹೋಗುವುದರಿಂದ, ಯಾವ ಮನೆಯ ದೀಪದಲ್ಲಿ ಯಾವುದು ಬೆಳಗುತ್ತಿದೆಯೆಂದು ಹೇಳುವುದು ಯಾರಿಂದಲೂ ಆಗದು.

ಹೊರಗಿನಿಂದ ನೋಡುವವರು ಉಪೇಕ್ಷಿಸುವ ಎರಡು ತೊಡಕುಗಳಿವೆ. ಒಂದು ಧೂಳು. ಬಯಲುಸೀಮೆಯ ಗಾಳಿಯು ಹೊತ್ತು ತರುವ ಮಣ್ಣು ಗಾಜಿನ ಮೇಲೆ ಕುಳಿತರೆ ಬೆಳಕಿಗೆ ತಡೆ, ತೊಳೆಯಬೇಕು. ಫಲಕವೊಂದಕ್ಕೆ ಎರಡೇ ಲೀಟರ್ ನೀರೆಂದು ಹಿಡಿದರೂ ಒಂದು ಸ್ಥಾವರವನ್ನು ಒಮ್ಮೆ ತೊಳೆಯಲು ಮೂರು ಲಕ್ಷ ಲೀಟರ್ ಬೇಕಾಗುತ್ತದೆ. ಕುಡಿಯುವ ನೀರಿಗೆ ಕೊಡ ಹಿಡಿದು ಕಾಯುವ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ನೀರಿಲ್ಲದೆ ಕುಂಚದಿಂದ ಒರಸುವ ಯಂತ್ರಗಳು ಬಂದಿವೆ. ಅವು ಎಲ್ಲೆಡೆ ಬಳಕೆಗೆ ಬರುವುದು ಒಳ್ಳೆಯದು. ಇನ್ನೊಂದು ತೊಡಕು ರಾತ್ರಿಯದು. ಊರೆಲ್ಲ ದೀಪ ಹಚ್ಚುವ ಹೊತ್ತಿಗೆ ಸರಿಯಾಗಿ ಈ ಸ್ಥಾವರ ಕಣ್ಣು ಮುಚ್ಚುತ್ತದೆ. ಆ ಹೊತ್ತಿನ ಹೊರೆಯನ್ನು ಜಲವಿದ್ಯುತ್ತೂ ಕಲ್ಲಿದ್ದಲೂ ಹೊರಬೇಕು, ಇಲ್ಲವೇ ಹಗಲಿನದನ್ನು ಸಂಗ್ರಹಿಸಿಡುವ ಉಪಾಯ ಬೇಕು. ರೈತರ ಪಂಪುಸೆಟ್ಟುಗಳಿಗೆ ರಾತ್ರಿಯ ಬದಲು ಹಗಲಿನಲ್ಲಿ ವಿದ್ಯುತ್ ಕೊಡುವುದು ಸುಲಭವಾಗಿರುವುದು ಮಾತ್ರ ಈ ಬಿಸಿಲಿನ ವಿದ್ಯುತ್ತಿನ ಒಂದು ಪ್ರತ್ಯಕ್ಷ ಪ್ರಯೋಜನ. ಕತ್ತಲಲ್ಲಿ ಹಾವು ಚೇಳುಗಳ ನಡುವೆ ಮಡೆ ತಿರುವಿದವರಿಗೆ ಇದರ ಬೆಲೆ ಗೊತ್ತು.

ಇನ್ನು ಲೆಕ್ಕಕ್ಕೆ ಬರಬಹುದು. ಮೆಗಾವ್ಯಾಟಿಗೂ ಯೂನಿಟ್ಟಿಗೂ ಇರುವ ಅಂತರವನ್ನು ಮೊದಲು ತಿಳಿಯಬೇಕು. ಹಿಂದೆ ಬಾವಿಯಿಂದ ಎತ್ತುಗಳ ನೆರವಿನಿಂದ ನೀರೆತ್ತುತ್ತಿದ್ದ ಕಪಿಲೆಯನ್ನು ನೆನೆದರೆ ಸಾಕು. ಕಪಿಲೆಯು ಗಂಟೆಗೆ ಎಷ್ಟು ನೀರೆತ್ತಬಲ್ಲುದೆಂಬುದು ಮೆಗಾವ್ಯಾಟು. ದಿನದ ಕೊನೆಗೆ ತೊಟ್ಟಿಗೆ ಬಿದ್ದ ನೀರೆಷ್ಟೆಂಬುದು ಯೂನಿಟ್ಟು. 50 ಮೆಗಾವ್ಯಾಟಿನ ಸ್ಥಾವರ ವರ್ಷದ ಎಲ್ಲ ಗಂಟೆಗಳಲ್ಲಿಯೂ ಪೂರ್ಣವಾಗಿ ದುಡಿದಿದ್ದರೆ 43.8 ಕೋಟಿ ಯೂನಿಟ್ ಉತ್ಪಾದಿಸಬೇಕಾಗಿತ್ತು. ರಾತ್ರಿ, ಮುಂಜಾವು, ಮೋಡ, ಧೂಳು ಇವೆಲ್ಲವನ್ನೂ ಕಳೆದರೆ ಕೈಗೆ ಸಿಗುವುದು ಐದನೆಯ ಒಂದು ಪಾಲಿನಿಂದ ನಾಲ್ಕನೆಯ ಒಂದು ಪಾಲಿನವರೆಗೆ. ಕಡಮೆಯದನ್ನೇ ಹಿಡಿಯೋಣವಾಗಲಿ: 8.76 ಕೋಟಿ ಯೂನಿಟ್. ಪಾವಗಡದ ಮೊದಮೊದಲ ಕರಾರುಗಳಲ್ಲಿ ಯೂನಿಟ್ಟಿನ ಬೆಲೆ ಐದು ರೂಪಾಯಿಗೆ ತುಸು ಕಡಮೆಯಿದ್ದು, ತರುವಾಯದವುಗಳಲ್ಲಿ ಮೂರು ರೂಪಾಯಿಯ ಹತ್ತಿರಕ್ಕೆ ಇಳಿಯಿತು. ಮೂರು ರೂಪಾಯಿಯೆಂದೇ ಇಟ್ಟುಕೊಂಡರೆ ವರ್ಷದ ಹುಟ್ಟುವಳಿ ರೂ. 26 ಕೋಟಿಗೂ ಮೇಲೆ.

ಈ ನೆಲ ಯಾರದು? ಇಲ್ಲಿಯೇ ಪಾವಗಡದ ಕ್ಷೇತ್ರದ ವೈಶಿಷ್ಟ್ಯವಿರುವುದು. ಅಣೆಕಟ್ಟು, ಗಣಿ, ಕಾರ್ಖಾನೆಗಳಿಗಾಗಿ ರೈತರ ಭೂಮಿಯನ್ನು ವಶಪಡಿಸಿಕೊಂಡು, ಪರಿಹಾರಕ್ಕಾಗಿ ಅವರನ್ನು ಕಚೇರಿಯಿಂದ ಕಚೇರಿಗೆ ಅಲೆಸಿದ ಕಥೆಗಳು ನಾಡಿನಲ್ಲಿ ಹೇರಳವಾಗಿವೆ. ಪಾವಗಡದಲ್ಲಿ ಹಾಗಾಗಲಿಲ್ಲ. ಭೂಮಿಯನ್ನು ಕೊಳ್ಳದೆ, ಸುಮಾರು 2,300 ರೈತರಿಂದ 28 ವರ್ಷಗಳ ಅವಧಿಗೆ ಗುತ್ತಿಗೆಗೆ ಪಡೆಯಲಾಯಿತು. ಎಕರೆಗೆ ವರ್ಷಕ್ಕೆ ರೂ. 21,000, ಎರಡು ವರ್ಷಗಳಿಗೊಮ್ಮೆ ಶೇಕಡಾ 5ರ ಏರಿಕೆ. ಪಹಣಿಯಲ್ಲಿ ಒಡೆಯನ ಹೆಸರು ಒಡೆಯನದಾಗಿಯೇ ಉಳಿಯಿತು. ಮಳೆಯನ್ನು ನಂಬಿ ಕಡಲೆಕಾಯಿ ಬಿತ್ತಿ, ಬಿತ್ತನೆಯ ಬೀಜದ ಸಾಲವೂ ತೀರದೆ ಕುಳಿತವನಿಗೆ ಇದು ವರವಾಗಿ ಕಂಡುದರಲ್ಲಿ ಆಶ್ಚರ್ಯವಿಲ್ಲ. ಸಾಲ ತೀರಿಸಿದವರು, ಮನೆ ಕಟ್ಟಿಸಿದವರು, ಮಕ್ಕಳನ್ನು ದೂರದ ಊರುಗಳಿಗೆ ಓದಿಗೆ ಕಳುಹಿಸಿದವರು ಅಲ್ಲಿ ಇದ್ದಾರೆ. ಈ ವ್ಯವಸ್ಥೆಯನ್ನು ಯೋಚಿಸಿದವರ ವಿವೇಕವನ್ನು ಶ್ಲಾಘಿಸದೆ ಮುಂದೆ ಹೋಗುವುದು ನ್ಯಾಯವಲ್ಲ.

ಶ್ಲಾಘನೆಯ ತರುವಾಯ ಪರಿಶೀಲನೆ. ರಸ್ತೆ, ಉಪಕೇಂದ್ರ ಮೊದಲಾದುವುಗಳನ್ನೂ ಕೂಡಿಸಿಕೊಂಡು ಒಂದು ಸ್ಥಾವರಕ್ಕೆ ಸುಮಾರು 300 ಎಕರೆ ಬೇಕೆನ್ನೋಣ. ಗುತ್ತಿಗೆಯ ಮೊತ್ತ ವರ್ಷಕ್ಕೆ ರೂ. 63 ಲಕ್ಷ. ರೂ. 26 ಕೋಟಿಯ ಹುಟ್ಟುವಳಿಯಲ್ಲಿ ನೆಲದ ಒಡೆಯನಿಗೆ ಸಲ್ಲುವುದು ನೂರು ರೂಪಾಯಿಗೆ ಎರಡೂವರೆ ರೂಪಾಯಿಗಿಂತ ಕಡಮೆ. ಯೂನಿಟ್ಟಿಗೆ ಹಂಚಿದರೆ ಏಳು ಪೈಸೆ. ಉಳಿದುದೆಲ್ಲ ಲಾಭವೆಂದು ಯಾರೂ ಅವಸರದಿಂದ ತೀರ್ಮಾನಿಸಬಾರದು. ಆ ಕಾಲದಲ್ಲಿ ಮೆಗಾವ್ಯಾಟೊಂದಕ್ಕೆ ನಾಲ್ಕರಿಂದ ಐದು ಕೋಟಿ ರೂಪಾಯಿ ಬಂಡವಾಳ ಬೇಕಾಗುತ್ತಿತ್ತು. 50 ಮೆಗಾವ್ಯಾಟಿಗೆ ರೂ. 200 ಕೋಟಿಗೂ ಮೇಲೆ. ಅದರ ಬಡ್ಡಿ, ಅಸಲಿನ ಕಂತು, ಸವಕಳಿ, ಸಂಬಳ ಎಲ್ಲವೂ ಈ ಹುಟ್ಟುವಳಿಯಿಂದಲೇ ಸಲ್ಲಬೇಕು. ಆದರೂ ಗುತ್ತಿಗೆಯನ್ನು ಇಮ್ಮಡಿ ಮಾಡಿದ್ದರೆ ಯೂನಿಟ್ಟಿನ ಬೆಲೆ ಏರುತ್ತಿದ್ದುದು ಏಳೇ ಪೈಸೆಯೆಂಬುದನ್ನು ಮರೆಯುವಂತಿಲ್ಲ.

ಇನ್ನೂ ಸೂಕ್ಷ್ಮವಾದುದು ಏರಿಕೆಯ ದರ. ಎರಡು ವರ್ಷಕ್ಕೆ ಶೇಕಡಾ 5 ಎಂದರೆ ವರ್ಷಕ್ಕೆ ಎರಡೂವರೆಗಿಂತಲೂ ಕೊಂಚ ಕಡಮೆ. 28 ವರ್ಷಗಳಲ್ಲಿ ಹದಿಮೂರು ಸಲ ಏರಿ, ಕೊನೆಯ ಎರಡು ವರ್ಷಗಳಲ್ಲಿ ಎಕರೆಗೆ ಸುಮಾರು ರೂ. 39,600 ಆಗುತ್ತದೆ. ಕೇಳಲು ಇಂಪಾದ ಮೊತ್ತ. ಆದರೆ ಪದಾರ್ಥಗಳ ಬೆಲೆ ವರ್ಷಕ್ಕೆ ಶೇಕಡಾ 5ರಂತೆ ಏರುತ್ತ ಹೋದರೆ ಆ ವೇಳೆಗೆ ಇಂದಿನ ಒಂದು ರೂಪಾಯಿಯ ಸರಕಿಗೆ ಮೂರೂವರೆ ರೂಪಾಯಿ ತೆರಬೇಕಾಗುತ್ತದೆ. ಅಂದರೆ ಆ ರೂ. 39,600 ಆರಂಭದ ಕಾಲದ ಸುಮಾರು ರೂ. 11,100ಕ್ಕೆ ಸಮಾನ, ಕರಾರಿಗೆ ಸಹಿ ಮಾಡಿದ ದಿನದ ಗುತ್ತಿಗೆಯ ಅರ್ಧಕ್ಕಿಂತ ತುಸುವೇ ಹೆಚ್ಚು. ಅಂಕೆ ಬೆಳೆಯುತ್ತದೆ, ಅನ್ನ ಕುಗ್ಗುತ್ತದೆ. ದಾನಿಗಳಿಗೆ ಇದು ಅಪರಿಚಿತವಾದ ಅನುಭವವಲ್ಲ. ಐವತ್ತು ವರ್ಷಗಳ ಹಿಂದೆ ಯಾರೋ ಪುಣ್ಯಾತ್ಮರು ಐನೂರು ರೂಪಾಯಿಯ ದತ್ತಿಯಿಟ್ಟು, ಬಡ್ಡಿಯಿಂದ ವರ್ಷವರ್ಷವೂ ಒಬ್ಬ ವಿದ್ಯಾರ್ಥಿಗೆ ಬಹುಮಾನ ಕೊಡಬೇಕೆಂದು ಬರೆದಿಟ್ಟಿರುತ್ತಾರೆ. ಅಂದು ಆ ಬಡ್ಡಿಯಲ್ಲಿ ಮೂರು ನಾಲ್ಕು ಪುಸ್ತಕಗಳು ಬರುತ್ತಿದ್ದುವು. ಇಂದು ಒಂದರ ರಟ್ಟಿಗೂ ಸಾಲದು. ದತ್ತಿಯನ್ನಾದರೆ ವಂಶದವರು ಮನಸ್ಸು ಮಾಡಿ ಹೆಚ್ಚಿಸಬಹುದು; ಕರಾರನ್ನು ಒಬ್ಬರೇ ತಿದ್ದಲಾಗದು. ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆ ಚಕ್ರಬಡ್ಡಿಯನ್ನು ಕಲಿಸುವಾಗ ಅಧ್ಯಾಪಕರು ಈ ಲೆಕ್ಕವನ್ನು ಹಲಗೆಯ ಮೇಲೆ ಬರೆದು ತೋರಿಸಿದರೆ, ಮುಂದೊಂದು ದಿನ ತಮ್ಮ ಊರಿಗೆ ಇಂಥ ಕಾಗದ ಬಂದಾಗ ಆ ಮಕ್ಕಳು ಮೊತ್ತವನ್ನು ನೋಡುವ ಮೊದಲು ಏರಿಕೆಯ ಕಲಮನ್ನು ಓದಿಯಾರು.

ಇಷ್ಟಾದರೂ ಭೂಮಿಯುಳ್ಳವರಿಗೆ ಅಂಕೆಯೊಂದಾದರೂ ಉಂಟು. ಅಂಕೆಯೇ ಇಲ್ಲದವರು ಭೂರಹಿತರು. ಮೂರು ಎಕರೆ ಕಡಲೆಕಾಯಿಯ ಹೊಲವು ಒಡೆಯನೊಬ್ಬನ ಹೊಟ್ಟೆಯನ್ನು ಮಾತ್ರ ಹೊರೆಯುತ್ತಿರಲಿಲ್ಲ. ಬಿತ್ತುವಾಗ, ಕಳೆ ಕೀಳುವಾಗ, ಕಾಯಿ ಬಿಡಿಸುವಾಗ ನೆರೆಕೇರಿಯ ಹೆಂಗಸರಿಗೆ ಕೂಲಿ ಸಿಗುತ್ತಿತ್ತು. ಕಡಲೆಬಳ್ಳಿ ದನಗಳಿಗೆ ಮೇವಾಗುತ್ತಿತ್ತು. ಬೆಳೆ ತೆಗೆದ ಬಯಲಿನಲ್ಲಿ ಕುರಿಗಳು ಮೇಯುತ್ತಿದ್ದುವು, ಕುರಿಗಾರನಿಗೆ ಯಾರೂ ಪಹಣಿ ಕೇಳುತ್ತಿರಲಿಲ್ಲ. ಬೇಲಿ ಬಿದ್ದ ದಿನ ಈ ಮೂರೂ ಒಟ್ಟಿಗೆ ನಿಂತುಹೋದುವು. ಗುತ್ತಿಗೆಯ ಹಣ ಪಹಣಿಯ ಹೆಸರನ್ನು ಹುಡುಕಿಕೊಂಡು ಬ್ಯಾಂಕಿಗೆ ಬರುತ್ತದೆ. ಪಹಣಿಯಿಲ್ಲದವನ ಮನೆಯ ದಾರಿ ಅದಕ್ಕೆ ತಿಳಿಯದು. ಸ್ಥಾವರಗಳಲ್ಲಿ ಹುಲ್ಲು ತೆಗೆಯುವ, ಫಲಕ ತೊಳೆಯುವ, ಕಾವಲು ಕಾಯುವ ಕೆಲಸಗಳು ಕೆಲವರಿಗೆ ದೊರೆತಿವೆ. ಆದರೆ ಕಟ್ಟುವ ಕಾಲದಲ್ಲಿ ಬೇಕಾದಷ್ಟು ಕೈಗಳು ನಡೆಸುವ ಕಾಲದಲ್ಲಿ ಬೇಕಾಗುವುದಿಲ್ಲವೆಂಬುದು ಸೌರ ಸ್ಥಾವರದ ಸ್ವಭಾವವೇ ಆಗಿದೆ. ಕೂಲಿಯವರು, ಅದರಲ್ಲಿಯೂ ದಲಿತ ಕುಟುಂಬಗಳವರು, ಕೆಲಸವನ್ನರಸಿ ಊರು ಬಿಡಬೇಕಾಗಿ ಬಂದುದನ್ನು ಅಲ್ಲಿಗೆ ಹೋಗಿ ಬಂದ ಅಧ್ಯಯನಕಾರರೂ ಪತ್ರಿಕೆಯವರೂ ಮತ್ತೆ ಮತ್ತೆ ದಾಖಲಿಸಿದ್ದಾರೆ.

ಇದನ್ನು ನಿವಾರಿಸುವುದು ಅಸಾಧ್ಯವೇ? ಮತ್ತೊಂದು ಸಣ್ಣ ಲೆಕ್ಕ ಇದಕ್ಕೆ ಉತ್ತರವೀಯುತ್ತದೆ. ಇಡಿಯ ಕ್ಷೇತ್ರದ 2,050 ಮೆಗಾವ್ಯಾಟಿನಿಂದ, ಮೇಲೆ ಹಿಡಿದ ಕಡಮೆಯ ಪ್ರಮಾಣದಲ್ಲಿಯೇ, ವರ್ಷಕ್ಕೆ ಸುಮಾರು 359 ಕೋಟಿ ಯೂನಿಟ್ ಹುಟ್ಟುತ್ತದೆ. ಯೂನಿಟ್ಟಿಗೆ ಒಂದೇ ಒಂದು ಪೈಸೆಯನ್ನು ಈ ಐದು ಗ್ರಾಮಗಳ ಭೂರಹಿತರಿಗೆಂದು ತೆಗೆದಿರಿಸಿದರೆ ವರ್ಷಕ್ಕೆ ರೂ. 3 ಕೋಟಿ 59 ಲಕ್ಷವಾಗುತ್ತದೆ. ಬಳಸುವವನಿಗೆ ಒಂದು ಪೈಸೆ ಗೊತ್ತೇ ಆಗದು. ತಿಂಗಳಿಗೆ ನೂರು ಯೂನಿಟ್ ಉರಿಸುವ ಮನೆಗೆ ಅದು ಒಂದು ರೂಪಾಯಿ. ಇಂಥ ಕ್ಷೇತ್ರಗಳ ಸುತ್ತ ಶಾಲೆಯ ದುರಸ್ತಿ, ರಸ್ತೆ, ಕುಡಿಯುವ ನೀರಿನ ಘಟಕ ಮೊದಲಾದ ಕೆಲಸಗಳು ನಡೆಯುವುದುಂಟು. ಅವು ಬೇಕಾದುವೇ ಸರಿ. ಆದರೆ ಗೋಡೆಗೆ ಬಣ್ಣ ಬಳಿಸಿದ ಮಾತ್ರದಿಂದ ಕಳೆದುಹೋದ ಕೂಲಿಯ ದಿನಗಳು ಮರಳಿ ಬಾರವು. ಒಡೆಯನಿಗೆ ಗುತ್ತಿಗೆ ಹೇಗೆ ಹಕ್ಕಾಗಿ ಸಲ್ಲುತ್ತದೆಯೋ ಹಾಗೆ ದುಡಿದವನಿಗೂ ಒಂದು ಪಾಲು ಹಕ್ಕಾಗಿ ಸಲ್ಲಬೇಕು, ಉಪಕಾರವಾಗಿ ಅಲ್ಲ. ದಾಸೋಹವೆಂಬ ಮಾತನ್ನು ದಾನವೆಂಬ ಮಾತಿನಿಂದ ಬೇರ್ಪಡಿಸಿ ನೋಡಿದ ಪರಂಪರೆಗೆ ಈ ಭೇದವನ್ನು ವಿವರಿಸಬೇಕಾದುದಿಲ್ಲ.

ಕಾಯಕದ ದೃಷ್ಟಿಯಿಂದಲೂ ಇಲ್ಲಿ ವಿಚಾರಕ್ಕೆ ಅವಕಾಶವಿದೆ. 1974ರ ಭೂಸುಧಾರಣೆಯ ಕಾನೂನು ಗೇಣಿ ಪದ್ಧತಿಯನ್ನು ತೊಡೆದುಹಾಕಿ ಉಳುವವನನ್ನೇ ಭೂಮಿಯ ಒಡೆಯನನ್ನಾಗಿ ಮಾಡಿತು. ಅಂದು ಉಳುವವನಾಗಿದ್ದು ಒಡೆಯನಾದವನ ಮಗನೋ ಮೊಮ್ಮಗನೋ ಇಂದು ಉಳದೆಯೇ ಒಡೆಯನಾಗಿದ್ದಾನೆ. ವರ್ಷಕ್ಕೆ ಎಣಿಸಿದಷ್ಟು ಹಣ ಬರುತ್ತದೆ, ಕೈಗೆ ಕೆಲಸವಿಲ್ಲ. ಕಾಯಕವಿಲ್ಲದ ಸಂಪಾದನೆಯನ್ನು ಶರಣರು ಒಪ್ಪುತ್ತಿರಲಿಲ್ಲವೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮೂರು ತಲೆಮಾರು ಬರದೊಡನೆ ಗುದ್ದಾಡಿ ಸೋತವನಿಗೆ ಆ ಮಾತನ್ನು ನೆರಳಿನಲ್ಲಿ ಕುಳಿತು ಹೇಳುವುದು ಶೋಭಿಸದು. ಕಾಯಕವನ್ನು ಬಿಟ್ಟವನು ಅವನಲ್ಲ. ಮಳೆಯಿಲ್ಲದ ನೆಲದಲ್ಲಿ ಕಾಯಕವೇ ಅವನನ್ನು ಬಿಟ್ಟುಹೋಗಿತ್ತು. ಫಲಕಗಳನ್ನು ಕೊಂಚ ಎತ್ತರಿಸಿ, ಸಾಲುಗಳ ನಡುವೆ ಅಂತರ ಬಿಟ್ಟು, ಅವುಗಳ ನೆಳಲಿನಲ್ಲಿ ಸೊಪ್ಪು ತರಕಾರಿ ಬೆಳೆಯುವ, ಕುರಿ ಮೇಯಿಸುವ ಪ್ರಯೋಗಗಳು ದೇಶವಿದೇಶಗಳಲ್ಲಿ ನಡೆದಿವೆ. ಕುರಿಯು ಹುಲ್ಲನ್ನು ಮೇದರೆ ಹುಲ್ಲು ತೆಗೆಸುವ ಖರ್ಚೂ ಉಳಿಯುತ್ತದೆ. ಕುರಿಗಾರರ ಸೀಮೆಯಾದ ಪಾವಗಡಕ್ಕೆ ಇದಕ್ಕಿಂತ ಒಗ್ಗುವ ಉಪಾಯ ಬೇರೊಂದಿರಲಾರದು. ಅಂತೆಯೇ 2019ರಲ್ಲಿ ಆರಂಭವಾದ ಪಿಎಂ ಕುಸುಮ್ ಯೋಜನೆಯು, ಹಳ್ಳಿಯ ಉಪಕೇಂದ್ರಗಳ ಸಮೀಪದಲ್ಲಿಯೇ ಚಿಕ್ಕ ಸ್ಥಾವರಗಳನ್ನು ಸ್ಥಾಪಿಸಿ ಪಂಪುಸೆಟ್ಟುಗಳಿಗೆ ವಿದ್ಯುತ್ ಒದಗಿಸುವ ದಾರಿಯನ್ನು ತೋರಿಸಿದೆ. ಒಂದೇ ಕಡೆ 13,000 ಎಕರೆಗೆ ಬೇಲಿ ಹಾಕುವುದಕ್ಕಿಂತ ಹತ್ತಾರು ಊರುಗಳಲ್ಲಿ ಇಪ್ಪತ್ತು ಮೂವತ್ತು ಎಕರೆಗಳಂತೆ ಹರಡುವುದು ಮೇಯಿಸುವವನಿಗೂ ದುಡಿಯುವವನಿಗೂ ಮೇಲೆಂದು ತೋರುತ್ತದೆ. ಖರ್ಚು ತುಸು ಹೆಚ್ಚಾದೀತು.

ಕರಾರುಗಳು ಮುಗಿಯುವುದು 2040ರ ದಶಕದ ನಡುಭಾಗಕ್ಕೆ. ಅಷ್ಟರಲ್ಲಿ ಫಲಕಗಳ ಕಸುವು ಕುಂದಿರುತ್ತದೆ. ಒಂದು ಸ್ಥಾವರದ ಒಂದೂವರೆ ಲಕ್ಷ ಫಲಕಗಳಲ್ಲಿರುವ ಗಾಜು, ಅಲ್ಯುಮಿನಿಯಮ್, ಸಿಲಿಕಾನ್, ಚೂರು ಬೆಳ್ಳಿ, ಬೆಸುಗೆಯ ಸೀಸ ಇವುಗಳನ್ನು ಬೇರ್ಪಡಿಸಿ ಮರಳಿ ಬಳಸಬೇಕಾಗುತ್ತದೆ. 2022ರ ಇ-ತ್ಯಾಜ್ಯ ನಿಯಮಗಳು ಸೌರ ಫಲಕಗಳನ್ನೂ ತಮ್ಮ ವ್ಯಾಪ್ತಿಗೆ ತಂದಿವೆ. ನೆಲದಲ್ಲಿ ನಾಟಿದ ಕಂಬಗಳನ್ನು, ಹೂತ ತಂತಿಗಳನ್ನು, ಕಾಂಕ್ರೀಟನ್ನು ಕಿತ್ತು ತೆಗೆಯಬೇಕಾಗುತ್ತದೆ. ಹೊಲದಿಂದ ಹೊಲಕ್ಕೆ ಇದ್ದ ಬದುಗಳು ಮಾತ್ರ ಸ್ಥಾವರ ಕಟ್ಟಲು ನೆಲವನ್ನು ಮಟ್ಟ ಮಾಡಿದಾಗಲೇ ಅಳಿದುಹೋದುವು. ಬದುವಿನ ಮೇಲಿದ್ದ ಬೇವು ಹುಣಸೆಗಳೂ ಅವುಗಳೊಂದಿಗೆ ಹೋದುವು. ತನ್ನ ಹೊಲ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಮರ ನೋಡಿ ಗುರುತಿಸುತ್ತಿದ್ದ ಮುದುಕರು ಅಂದಿಗೆ ಬಹುಶಃ ಇರಲಾರರು. 2018ರಲ್ಲಿ ಎಂಟು ವರ್ಷದವನಾಗಿದ್ದ ಹುಡುಗ ಅಂದು ಮೂವತ್ತೈದರ ಆಸುಪಾಸಿನ ಗೃಹಸ್ಥನಾಗಿದ್ದು, ಸರ್ವೆ ನಂಬರಿನ ನಕ್ಷೆಯನ್ನು ಕೈಯಲ್ಲಿ ಹಿಡಿದು, ಸರಪಳಿ ಎಳೆಯುವ ಮೋಜಿಣಿದಾರನ ಹಿಂದೆ ನಡೆದು ತನ್ನ ತಾತನ ಹೊಲವನ್ನು ಹುಡುಕಬೇಕಾಗುತ್ತದೆ.